ಹೊಸ 110 ಸಿಸಿ ಸ್ಕೂಟರ್ ಕೊಳ್ಳುವವರಿಗೆ: ಓಡಿಸುವವರನ್ನು ಕೂರಿಸಿ ನೋಡಿ, ಆಮೇಲೆ ಬುಕ್ ಮಾಡಿ

"ಅದೆಲ್ಲ ಇರಲಿ, ನನ್ನ ಕಾಲು ನೆಲಕ್ಕೆ ಸಿಗುತ್ತಾ ಅದನ್ನ ಹೇಳು."

2024ರ ಆಗಸ್ಟ್‌ನಲ್ಲಿ ಟಿವಿಎಸ್‌ನ ಹೊಸ ಜೂಪಿಟರ್ 110 ಬಿಡುಗಡೆಯಾದಾಗ ಅದರ ವಿಡಿಯೊಗಳನ್ನು ಒಂದರ ಹಿಂದೊಂದು ತೋರಿಸುತ್ತಿದ್ದ ನನಗೆ ಅತ್ತಿಗೆ ಕೇಳಿದ್ದು ಇದೊಂದೇ ಪ್ರಶ್ನೆ. ಮುಂಭಾಗದ ಉದ್ದನೆಯ ಎಲ್‌ಇಡಿ ಪಟ್ಟಿ, ಬ್ಲೂಟೂತ್ ಇರುವ ಮೀಟರ್, ಇಂಡಿಕೇಟರ್ ತಾನಾಗಿಯೇ ಆಫ್ ಆಗುವುದು, ಯಾವುದಕ್ಕೂ ಅವರು ತಲೆ ಎತ್ತಲಿಲ್ಲ. ಅವರ ಎತ್ತರ ಐದು ಅಡಿ. ಶಾಲೆ ಹನ್ನೊಂದು ಕಿಲೋಮೀಟರ್ ದೂರ. ಸಂಜೆ ಟ್ಯೂಷನ್ನಿನಿಂದ ಮಗನನ್ನು ಕರೆತರಬೇಕು, ಶನಿವಾರ ಸಂತೆ ಮುಗಿಸಿ ಬರಬೇಕು. ನಾಲ್ಕು ತಿಂಗಳು ಕಾದು, ಮೂರು ಶೋರೂಮ್ ಸುತ್ತಿ, ಕೊನೆಗೆ ಅವರು ಅದೇ ಜೂಪಿಟರನ್ನೇ ತೆಗೆದುಕೊಂಡರು. ಆದರೆ ವಿಡಿಯೊಗಳಲ್ಲಿ ಹೊಗಳಿದ ಕಾರಣಗಳಿಗೆ ಅಲ್ಲ.

ಆ ನಾಲ್ಕು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಜೂಪಿಟರ್ ಆಗಲಿ, ಹೋಂಡಾದ ಆ್ಯಕ್ಟಿವಾ ಆಗಲಿ, ಮುಂದೆ ಬರುವ ಇನ್ಯಾವುದೇ ಸಣ್ಣ ಎಂಜಿನ್ನಿನ ಸ್ಕೂಟರ್ ಆಗಲಿ, ನೋಡಬೇಕಾದ ರೀತಿ ಬಹುತೇಕ ಇದೇ. ನಮ್ಮಲ್ಲಿ ಬೈಕ್ ಹೆಚ್ಚಾಗಿ ಒಬ್ಬರದು. ಸ್ಕೂಟರ್ ಇಡೀ ಮನೆಯದು. ಬೆಳಿಗ್ಗೆ ಒಬ್ಬರು ಹಾಲಿಗೆ ಒಯ್ದರೆ ಮಧ್ಯಾಹ್ನ ಇನ್ನೊಬ್ಬರು ಬ್ಯಾಂಕಿಗೆ ಒಯ್ಯುತ್ತಾರೆ. ಹಾಗಾಗಿ ಯಾರಿಗೆ ಇಷ್ಟವಾಯಿತು ಎನ್ನುವುದಕ್ಕಿಂತ ಯಾರು ಹೆಚ್ಚು ಓಡಿಸುತ್ತಾರೆ ಎನ್ನುವುದರಿಂದ ಶುರು ಮಾಡಬೇಕು.

ಹೆಜ್ಜೆ 1: ಒಂದು ವಾರ ಬರೆದಿಡಿ

ಶೋರೂಮಿಗೆ ಹೋಗುವ ಮೊದಲು ಒಂದು ವಾರ, ಮನೆಯವರು ಎಲ್ಲಿಗೆ, ಎಷ್ಟು ದೂರ, ಯಾರ ಜೊತೆ, ಏನು ಹೊತ್ತುಕೊಂಡು ಹೋದರು ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಅತ್ತಿಗೆಯ ಪಟ್ಟಿಯಲ್ಲಿ ದಿನಕ್ಕೆ ಸುಮಾರು 30 ಕಿಲೋಮೀಟರ್ ಬಂತು, ಅದರಲ್ಲಿ ಹಿಂದೆ ಒಬ್ಬರು ಕೂರುವುದು ಐದಾರು ಕಿಲೋಮೀಟರ್ ಮಾತ್ರ. ತಿಂಗಳಿಗೊಮ್ಮೆ 25 ಕೆ.ಜಿ. ಅಕ್ಕಿ ಮೂಟೆ ಫುಟ್‌ಬೋರ್ಡಿನ ಮೇಲೆ ಬರಬೇಕು. ರಸ್ತೆ ಸಮತಟ್ಟು. ಇಷ್ಟಕ್ಕೆ 110 ಸಿಸಿ ಧಾರಾಳವಾಗಿ ಸಾಕು.

ನಿಮ್ಮದು ಮಡಿಕೇರಿ, ಸಕಲೇಶಪುರದ ಕಡೆಯ ಏರಿನ ಊರಾಗಿದ್ದು, ದಿನವೂ ಇಬ್ಬರು ದೊಡ್ಡವರು ಕೂತು ಹೋಗುವುದಿದ್ದರೆ ಲೆಕ್ಕ ಬದಲಾಗುತ್ತದೆ. ಆಗ 125 ಸಿಸಿಯನ್ನೂ ಓಡಿಸಿ ನೋಡಿ. 110ರಲ್ಲಿ ಏರು ಹತ್ತುವುದಿಲ್ಲ ಎಂದಲ್ಲ, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿಕೊಂಡೇ ಹತ್ತಬೇಕಾಗುತ್ತದೆ. ದಿನಾ ಹಾಗೆ ಓಡಿಸಿದರೆ ಮೈಲೇಜೂ ಇಳಿಯುತ್ತದೆ, ಎಂಜಿನ್ನಿನಿಂದ ಚಕ್ರಕ್ಕೆ ಬಲ ಒಯ್ಯುವ ಬೆಲ್ಟೂ ಬೇಗ ಸವೆಯುತ್ತದೆ. ಓಡಾಟವೆಲ್ಲ ಊರೊಳಗೇ ಇದ್ದು, ಮನೆಯಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸುವಷ್ಟು ಸ್ವಂತ ಜಾಗವಿದ್ದರೆ ಎಲೆಕ್ಟ್ರಿಕ್ ಸ್ಕೂಟರನ್ನೂ ಒಮ್ಮೆ ನೋಡಿ ಬನ್ನಿ. ಬಾಡಿಗೆ ಮನೆಯಲ್ಲಿ ಮೂರನೇ ಮಹಡಿಯವರಿಗೆ ಪೆಟ್ರೋಲ್ ಗಾಡಿಯೇ ನೆಮ್ಮದಿ.

ಈ ವಾರದಲ್ಲೇ ತೀರ್ಮಾನವಾಗಬೇಕಾದ ಇನ್ನೊಂದು ವಿಷಯ ಲೈಸೆನ್ಸ್. ಪಿಯುಸಿ ಓದುವ ಮಗಳಿಗೋ ಮಗನಿಗೋ ಎಂದು ಸ್ಕೂಟರ್ ಕೊಳ್ಳುವ ಮನೆಗಳು ಬಹಳ. ಹದಿನಾರು ತುಂಬಿದವರಿಗೆ ಕಾನೂನು ಬಿಟ್ಟಿರುವುದು 50 ಸಿಸಿ ಒಳಗಿನ ಗೇರಿಲ್ಲದ ವಾಹನಕ್ಕೆ ಮಾತ್ರ. 110 ಸಿಸಿ ಓಡಿಸಲು ಹದಿನೆಂಟು ತುಂಬಿರಲೇಬೇಕು. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಅವರು ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ ಪೋಷಕರಿಗೋ ಗಾಡಿಯ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ದಂಡದ ಮಾತು ಬಿಡಿ, ಅಪಘಾತವಾದರೆ ವಿಮೆಯೂ ಕೈಹಿಡಿಯುವುದಿಲ್ಲ. ಮಗುವಿಗೆ ಹದಿನೆಂಟು ತುಂಬುವವರೆಗೆ ನೀವೇ ಬಿಟ್ಟು ಬನ್ನಿ.

ಹೆಜ್ಜೆ 2: ಅಂಕಿಗಳಲ್ಲಿ ನಿಮಗೆ ಬೇಕಾದ್ದನ್ನಷ್ಟೇ ಆರಿಸಿ

ಹೊಸ ಗಾಡಿಯ ಕರಪತ್ರದ ತುಂಬ ಅಂಕಿಗಳಿರುತ್ತವೆ. ದಿನಬಳಕೆಯಲ್ಲಿ ವ್ಯತ್ಯಾಸ ತರುವುದು ಅವುಗಳಲ್ಲಿ ನಾಲ್ಕೈದು ಮಾತ್ರ.

ಚಕ್ರದ ಅಳತೆ ಅವುಗಳಲ್ಲಿ ಮುಖ್ಯವಾದದ್ದು. ಹೊಸ ಜೂಪಿಟರಿನ ಎರಡೂ ಚಕ್ರ 12 ಇಂಚಿನವು. ಆ್ಯಕ್ಟಿವಾ 110ರಲ್ಲಿ ಮುಂದಿನದು 12, ಹಿಂದಿನದು 10 ಇಂಚು. ಚಕ್ರ ದೊಡ್ಡದಾದಷ್ಟೂ ಗುಂಡಿಯಲ್ಲಿ ಅದು ಇಳಿಯುವುದು ಕಡಿಮೆ, ಹಿಂದೆ ಕೂತವರ ಬೆನ್ನಿಗೆ ಬೀಳುವ ಪೆಟ್ಟೂ ಕಡಿಮೆ. ನಮ್ಮ ರಸ್ತೆಗಳ ಮೇಲೆ ಈ ಎರಡು ಇಂಚು ಗೊತ್ತಾಗುತ್ತದೆ.

ಪೆಟ್ರೋಲ್ ಎಲ್ಲಿ ಹಾಕಿಸಬೇಕು ಎನ್ನುವುದು ಕೇಳಲು ಸಣ್ಣ ವಿಷಯ. ಅತ್ತಿಗೆ ಜೂಪಿಟರ್ ಆರಿಸಿದ್ದೇ ಇದಕ್ಕಾಗಿ. ಹಳೆಯ ಸ್ಕೂಟರುಗಳಲ್ಲಿ ಬಂಕಿಗೆ ಹೋದರೆ ಹಿಂದೆ ಕೂತವರು ಇಳಿಯಬೇಕು, ಓಡಿಸುವವರು ಇಳಿಯಬೇಕು, ಗಾಡಿ ಸ್ಟ್ಯಾಂಡ್ ಹಾಕಬೇಕು, ಸೀಟು ಎತ್ತಬೇಕು. ಸೀಟಿನಡಿಯ ಡಿಕ್ಕಿಯಲ್ಲಿ ತುರುಕಿದ್ದ ಸೊಪ್ಪಿನ ಕಟ್ಟು ಹೊರಗೆ ಇಣುಕುವುದು, ಹಿಂದಿನ ಸಾಲಿನವರು ಹಾರ್ನ್ ಮಾಡುವುದು. ಹೊಸ ಜೂಪಿಟರಿನಲ್ಲಿ ಟ್ಯಾಂಕ್ ಇರುವುದು ಫುಟ್‌ಬೋರ್ಡಿನ ಅಡಿಯಲ್ಲಿ, ಪೆಟ್ರೋಲ್ ಹಾಕುವ ಬಾಯಿ ಇರುವುದು ಮುಂದೆ. ಕೂತಲ್ಲೇ ಕೀಲಿ ತಿರುಗಿಸಿದರೆ ಆಯಿತು. ಟ್ಯಾಂಕ್ ಕೆಳಗೆ ಹೋದದ್ದರಿಂದ ಸೀಟಿನಡಿ ಜಾಗವೂ ಹೆಚ್ಚಿದೆ: 33 ಲೀಟರ್, ಎರಡು ಅರ್ಧಮುಖದ ಹೆಲ್ಮೆಟ್ ಹಿಡಿಸುತ್ತದೆ. ಕರ್ನಾಟಕದಲ್ಲಿ 2016ರಿಂದಲೇ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಹಾಗಿರುವಾಗ ಎರಡನೇ ಹೆಲ್ಮೆಟನ್ನು ಎಲ್ಲಿಡುವುದು ಎನ್ನುವುದು ನಿಜವಾದ ಪ್ರಶ್ನೆ. ಜಾಗ ಇಲ್ಲದ ಗಾಡಿಯಲ್ಲಿ ಎರಡನೇ ಹೆಲ್ಮೆಟ್ ಮನೆಯಲ್ಲೇ ಉಳಿಯುತ್ತದೆ. ಆ್ಯಕ್ಟಿವಾದಲ್ಲೂ ಈಗ ಸೀಟು ಎತ್ತದೆ ಹೊರಗಿನಿಂದಲೇ ಪೆಟ್ರೋಲ್ ಹಾಕಿಸಬಹುದು, ಆದರೆ ಬಾಯಿ ಹಿಂದೆ ಇದೆ.

ಎಂಜಿನ್ನಿನ ವಿಷಯಕ್ಕೆ ಬಂದರೆ, ಜೂಪಿಟರಿನದು 113.3 ಸಿಸಿ, ಆ್ಯಕ್ಟಿವಾದ್ದು 109.51 ಸಿಸಿ. ಎರಡೂ ಎಂಟರ ಆಸುಪಾಸಿನ ಹಾರ್ಸ್‌ಪವರ್. ಜೂಪಿಟರಿನಲ್ಲಿ ಐಗೋ ಅಸಿಸ್ಟ್ ಎಂಬ ಏರ್ಪಾಡಿದೆ. ಗಾಡಿ ಸ್ಟಾರ್ಟ್ ಮಾಡುವ ಮೋಟಾರೂ ಬ್ಯಾಟರಿ ಚಾರ್ಜ್ ಮಾಡುವ ಜನರೇಟರೂ ಒಂದೇ ಭಾಗವಾಗಿದ್ದು, ಓವರ್‌ಟೇಕ್ ಮಾಡುವಾಗ ಅಥವಾ ಏರಿನಲ್ಲಿ ಅದು ಬ್ಯಾಟರಿಯ ಶಕ್ತಿ ಪಡೆದು ಎಂಜಿನ್ನಿಗೆ ಕೈಜೋಡಿಸುತ್ತದೆ. ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, 9.2ರಿಂದ 9.8 ನ್ಯೂಟನ್ ಮೀಟರಿಗೆ ಏರುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ನಿಂತು, ಆಕ್ಸಿಲರೇಟರ್ ಕೊಟ್ಟಾಗ ಸದ್ದಿಲ್ಲದೆ ಶುರುವಾಗುವುದೂ ಇದರಿಂದಲೇ. ಒಳ್ಳೆಯ ಅನುಕೂಲ. ಆದರೆ ಇದಕ್ಕೋಸ್ಕರವೇ ಗಾಡಿ ಆರಿಸುವಷ್ಟು ದೊಡ್ಡದಲ್ಲ.

ಇನ್ನು ಎಲ್ಲರೂ ಮೊದಲು ಕೇಳುವ ಮೈಲೇಜ್. ಒಂದು ಗಾಡಿ ಲೀಟರಿಗೆ 45 ಕೊಡುತ್ತದೆ, ಇನ್ನೊಂದು 50 ಎಂದಿಟ್ಟುಕೊಳ್ಳಿ. ತಿಂಗಳಿಗೆ 750 ಕಿಲೋಮೀಟರ್ ಓಡಿದರೆ ಮೊದಲನೆಯದಕ್ಕೆ ಸುಮಾರು ಹದಿನಾರೂಮುಕ್ಕಾಲು ಲೀಟರ್ ಬೇಕು, ಎರಡನೆಯದಕ್ಕೆ 15. ಲೀಟರಿಗೆ 103 ರೂಪಾಯಿ ಹಿಡಿದರೂ ತಿಂಗಳ ವ್ಯತ್ಯಾಸ 170 ರೂಪಾಯಿ ಆಸುಪಾಸು. ಈ ಐದು ಕಿಲೋಮೀಟರಿಗಾಗಿ ಕಾಲು ನೆಲಕ್ಕೆ ಸಿಗದ, ಬೆನ್ನು ನೋಯುವ ಗಾಡಿ ಕೊಳ್ಳಬೇಡಿ. ಟೈರಿನ ಗಾಳಿ ಸರಿಯಾಗಿ ನೋಡಿಕೊಂಡರೆ ಅದರಲ್ಲಿ ಒಂದು ಪಾಲು ಹೇಗೂ ಉಳಿಯುತ್ತದೆ.

ವೇರಿಯಂಟ್ ಆರಿಸುವಾಗ ನನ್ನ ಸಲಹೆ ಇಷ್ಟು: ಮೀಟರಿನ ಪರದೆಗೆ ಹಾಕುವ ಹಣವನ್ನು ಬ್ರೇಕಿಗೆ ಹಾಕಿ. ಹೆದ್ದಾರಿಯ ಮೇಲೆ ಓಡಾಟವಿದ್ದರೆ ಮುಂದೆ ಡಿಸ್ಕ್ ಇರುವ ವೇರಿಯಂಟೇ ಬೇಕು. ಊರೊಳಗೇ 40ರ ವೇಗದಲ್ಲಿ ಓಡಾಡುವವರಿಗೆ ಡ್ರಮ್ ಬ್ರೇಕ್ ನಡೆಯುತ್ತದೆ. ಈ ವರ್ಗದ ಗಾಡಿಗಳಲ್ಲೆಲ್ಲ ಕಾಂಬಿ ಬ್ರೇಕ್ ಇರುತ್ತದೆ, ಅಂದರೆ ಎಡಗೈ ಬ್ರೇಕ್ ಹಿಡಿದರೆ ಹಿಂದಿನ ಚಕ್ರದ ಜೊತೆ ಮುಂದಿನದಕ್ಕೂ ಸ್ವಲ್ಪ ಬ್ರೇಕ್ ಬೀಳುತ್ತದೆ. ಹೊಸದಾಗಿ ಕಲಿತವರಿಗೆ ಇದು ದೊಡ್ಡ ರಕ್ಷಣೆ. ಹಾಗೆಂದು ಎಡಗೈ ಒಂದನ್ನೇ ನಂಬಬೇಡಿ, ಎರಡೂ ಕೈಯಲ್ಲಿ ಹಿಡಿಯುವ ರೂಢಿ ಮೊದಲ ದಿನದಿಂದಲೇ ಆಗಲಿ.

ಹೆಜ್ಜೆ 3: ಬಿಡುಗಡೆಯ ವಾರದಲ್ಲೇ ಬುಕ್ ಮಾಡಬೇಡಿ

ನಾಲ್ಕು ತಿಂಗಳು ಕಾಯಿರಿ. ಅಷ್ಟರಲ್ಲಿ ನಿಮ್ಮೂರಿನಲ್ಲೇ ನಾಲ್ಕಾರು ಜನ ಕೊಂಡಿರುತ್ತಾರೆ, ಬಂಕಿನಲ್ಲೋ ತರಕಾರಿ ಅಂಗಡಿಯ ಮುಂದೆಯೋ ಸಿಗುತ್ತಾರೆ. "ಗಾಡಿ ಹೆಂಗಿದೆ?" ಎಂದು ಕೇಳಿದರೆ ಸಾಕು, ನಮ್ಮ ಜನ ಮನಸ್ಸು ಬಿಚ್ಚಿ ಹೇಳುತ್ತಾರೆ.

ಕಾಯುವ ಹೊತ್ತಿನಲ್ಲಿ ಒಂದು ಕೆಲಸ ಮಾಡಿ. ಹತ್ತಿರದ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ಹೊಸ ಮಾಡೆಲ್ಲಿನ ಮೂರು ಬಿಡಿಭಾಗಗಳ ಬೆಲೆ ಕೇಳಿ: ಕನ್ನಡಿ, ಬ್ರೇಕ್ ಲಿವರ್, ಡ್ರೈವ್ ಬೆಲ್ಟ್. ಗಾಡಿ ಒಮ್ಮೆ ಮಗುಚಿದರೆ ಮೊದಲು ಹೋಗುವುದು ಕನ್ನಡಿ ಮತ್ತು ಲಿವರ್. ಬೆಲ್ಟ್ ಸವೆಯುವುದು ನಿಶ್ಚಿತ. ಬೆಲೆ ಹೇಳಿ "ಸ್ಟಾಕ್ ಇದೆ" ಎಂದರೆ ಸರಿ. "ಆರ್ಡರ್ ಹಾಕಬೇಕು, ಹದಿನೈದು ದಿನ ಆಗುತ್ತೆ" ಎಂದರೆ ಇನ್ನೂ ಸ್ವಲ್ಪ ಕಾಯಿರಿ. ತಾಲೂಕು ಕೇಂದ್ರಗಳಲ್ಲಿ ಇರುವವರಿಗೆ ಈ ಫೋನ್ ಬಹಳ ಮುಖ್ಯ.

ಹೆಜ್ಜೆ 4: ಟೆಸ್ಟ್ ರೈಡಿಗೆ ಓಡಿಸುವವರೇ ಹೋಗಲಿ, ಹಿಂದೆ ಕೂರುವವರೂ ಹೋಗಲಿ

ಸೀಟಿನ ಎತ್ತರ 770 ಮಿ.ಮೀ. ಎಂದು ಜೂಪಿಟರಿನ ಕಾಗದದಲ್ಲಿ ಬರೆದಿದೆ. ಆ ಅಂಕಿ ನೋಡಿ ನನಗೇನೂ ತಿಳಿಯಲಿಲ್ಲ. ಶೋರೂಮಿನಲ್ಲಿ ಅತ್ತಿಗೆ ಕೂತಾಗ ತಿಳಿಯಿತು. ಸೀಟು ಅಗಲವಿದ್ದರೆ ತೊಡೆಗಳು ಹೊರಕ್ಕೆ ಹೋಗಿ, ಅದೇ ಎತ್ತರಕ್ಕೂ ಕಾಲು ಗಿಡ್ಡವಾಗುತ್ತದೆ. ಸೀಟಿನ ಮುಂಭಾಗ ಸಣ್ಣಗಿದ್ದರೆ ಸ್ವಲ್ಪ ಮುಂದೆ ಸರಿದು ಕೂತವರಿಗೆ ಪಾದ ಊರಲು ಸಿಗುತ್ತದೆ. ಅವರು ದಿನಾ ಹಾಕುವ ಚಪ್ಪಲಿಯಲ್ಲೇ ಹೋಗಿದ್ದರು. ಹಿಮ್ಮಡಿ ಒಂದಿಷ್ಟು ಮೇಲಿತ್ತು, ಪಾದದ ಮುಂಭಾಗ ಪೂರ್ತಿ ನೆಲದ ಮೇಲಿತ್ತು. "ಇಷ್ಟು ಸಾಕು" ಎಂದರು. ನಿಂತ ಗಾಡಿಯನ್ನು ಕೂತಲ್ಲಿಂದಲೇ ಹಿಂದಕ್ಕೆ ತಳ್ಳಿ ನೋಡಿದರು, ಬಂತು. ಸುಮಾರು 105 ಕೆ.ಜಿ. ತೂಕವನ್ನು ಪಾದದ ಬಲದಿಂದ ಹಿಂದೆ ಸರಿಸಲು ಬಂದರೆ ಮಾತ್ರ ಅದು ನಿಮ್ಮ ಗಾಡಿ. ಸಂತೆಯ ಪಾರ್ಕಿಂಗಿನಲ್ಲಿ ಬೇಕಾಗುವುದು ಇದೇ.

ಆಮೇಲೆ ಸೆಂಟರ್ ಸ್ಟ್ಯಾಂಡ್. ಮಾರಾಟದ ಹುಡುಗ ಓಡಿ ಬಂದು ತಾನೇ ಹಾಕಿಕೊಡುತ್ತಾನೆ, ಬೇಡ ಎನ್ನಿ. ದಿನಾ ಓಡಿಸುವವರೇ ಎರಡು ಸಲ ಹಾಕಿ ತೆಗೆಯಲಿ. ಪೂರ್ತಿ ತೂಕವನ್ನು ಕಾಲಿನಿಂದ ಸ್ಟ್ಯಾಂಡಿನ ಮೇಲೆ ಒತ್ತಬೇಕು, ಕೈಯಿಂದ ಎತ್ತಬಾರದು. ಈ ಒಂದು ಉಪಾಯ ತಿಳಿಯದೆ ಬೆನ್ನು ಹಿಡಿಸಿಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ.

ಟೆಸ್ಟ್ ರೈಡಿನ ದಾರಿ ಶೋರೂಮಿನ ಮುಂದಿನ ನುಣುಪು ಡಾಂಬರು ರಸ್ತೆ ಆಗಬಾರದು. ಪಕ್ಕದ ಬಡಾವಣೆಯೊಳಗೆ ಹೋಗಿ. ಎರಡು ಹಂಪ್ಸ್, ಒಂದು ಗುಂಡಿ ಬಿದ್ದ ತಿರುವು, ಒಂದು ಯು-ಟರ್ನ್ ಸಿಗಬೇಕು. ಮೊದಲು ಒಬ್ಬರೇ ಓಡಿಸಿ, ನಂತರ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅದೇ ದಾರಿ ಮತ್ತೊಮ್ಮೆ. ಹಿಂದೆ ಕೂರುವವರು ಅಮ್ಮನಾದರೆ ಅವರನ್ನೇ ಕರೆದೊಯ್ಯಿರಿ. ಸೀರೆಯುಟ್ಟು ಕೂತಾಗ ಕಾಲಿಡುವ ಜಾಗ ಎಲ್ಲಿ ಸಿಗುತ್ತದೆ, ಹಿಂದಿನ ಹಿಡಿ ಕೈಗೆ ಎಟಕುತ್ತದೆಯೇ, ಸೆರಗು ಚಕ್ರದ ಕಡೆ ಹೋಗದಂತೆ ತಡೆ ಇದೆಯೇ ನೋಡಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕೈಹಿಡಿ, ಕಾಲಿಡುವ ಜಾಗ, ಹಿಂದಿನ ಚಕ್ರಕ್ಕೆ ರಕ್ಷಣೆ ಮೂರೂ ಇರಲೇಬೇಕು. ಇವೆಲ್ಲ ಪ್ರತಿ ಗಾಡಿಯಲ್ಲೂ ಇರುತ್ತವೆ. ನಿಮ್ಮ ಅಮ್ಮನಿಗೆ ಹೊಂದುತ್ತವೆಯೇ ಎನ್ನುವುದನ್ನು ಮಾತ್ರ ಅವರೇ ಕೂತು ಹೇಳಬೇಕು.

ಸಾಧ್ಯವಾದರೆ ಸಂಜೆ ಆರೂವರೆಯ ಮೇಲೆ ಹೋಗಿ. ಹೆಡ್‌ಲೈಟ್ ಹೇಗಿದೆ ಎಂದು ಹಗಲಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಎಲ್‌ಇಡಿ ಬೆಳಕು ನೋಡಲು ಬೆಳ್ಳಗೆ ಚೆನ್ನಾಗಿದ್ದರೂ ಮಳೆ ಬಂದ ಕಪ್ಪು ರಸ್ತೆಯಲ್ಲಿ ಗುಂಡಿ ತೋರಿಸುತ್ತದೆಯೇ, ಪಕ್ಕದ ಚರಂಡಿಯ ಅಂಚಿನವರೆಗೆ ಹರಡುತ್ತದೆಯೇ ಎಂಬುದು ಬೇರೆ ಮಾತು.

ಹೆಜ್ಜೆ 5: ಆನ್‌ರೋಡ್ ಬೆಲೆಯನ್ನು ಸಾಲು ಸಾಲಾಗಿ ಬರೆಸಿಕೊಳ್ಳಿ

ಇಲ್ಲಿ ನಿಧಾನವಾಗಿ ಓದಿ, ಹಣ ಹೋಗುವುದು ಇಲ್ಲೇ. ಆನ್‌ರೋಡ್ ಬೆಲೆ ಎಂದರೆ ರಸ್ತೆ ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿ ಗಾಡಿ ರಸ್ತೆಗೆ ಇಳಿಯುವ ಹೊತ್ತಿಗೆ ನೀವು ಕೊಡುವ ಒಟ್ಟು ಹಣ.

ಮೊದಲನೆಯದು ಎಕ್ಸ್ ಶೋರೂಮ್ ಬೆಲೆ, ಅಂದರೆ ಇವೆಲ್ಲ ಸೇರುವ ಮುಂಚಿನ, ಜಿಎಸ್‌ಟಿ ಮಾತ್ರ ಸೇರಿದ ಬೆಲೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಅದಕ್ಕೆ ಮುಂಚೆ 80,000 ರೂಪಾಯಿ ಇದ್ದ ಗಾಡಿ, ತೆರಿಗೆಯ ಇಳಿಕೆ ಪೂರ್ತಿ ದಾಟಿಸಿದರೆ 73,750ಕ್ಕೆ ಬರಬೇಕು. ಹಳೆಯ ವಿಡಿಯೊ, ಹಳೆಯ ಲೇಖನಗಳ ಬೆಲೆಯನ್ನು ಹಿಡಿದು ಚೌಕಾಸಿ ಮಾಡಲು ಹೋಗಬೇಡಿ. ಹೊಸ ಜೂಪಿಟರ್ ಬಿಡುಗಡೆಯಾದಾಗ 73,700ರಿಂದ ಶುರು ಎಂದು ಎಲ್ಲೆಡೆ ಬಂದ ಬೆಲೆಯೂ ಜಿಎಸ್‌ಟಿ ಇಳಿಯುವ ಮುಂಚಿನದು, ಅದೂ ದೆಹಲಿಯ ಎಕ್ಸ್ ಶೋರೂಮ್ ಬೆಲೆ. ಶೋರೂಮಿನಿಂದ ಆ ದಿನದ ಕೊಟೇಶನ್ನೇ ಬೇಕು.

ಎರಡನೆಯದು ರಸ್ತೆ ತೆರಿಗೆ. ಕರ್ನಾಟಕದಲ್ಲಿ ಇದು ಭಾರ. ಗಾಡಿಯ ಬೆಲೆ 50,000ದಿಂದ ಒಂದು ಲಕ್ಷದ ಒಳಗಿದ್ದರೆ ಜೀವಾವಧಿ ತೆರಿಗೆ ಶೇ 12, ಒಂದು ಲಕ್ಷ ದಾಟಿದರೆ ಶೇ 18. ಮೇಲೆ ಸೆಸ್ ಬೇರೆ. 110 ಸಿಸಿಯವರಿಗೆ ಇದು ಚಿಂತೆಯಲ್ಲ. 125 ಸಿಸಿಯ ಟಾಪ್ ವೇರಿಯಂಟ್ ನೋಡುವವರು ಮಾತ್ರ ಎಚ್ಚರವಾಗಿರಬೇಕು. 99,000ದ ಗಾಡಿಗೆ ತೆರಿಗೆ 11,880. 1,01,000ದ ಗಾಡಿಗೆ 18,180. ಎರಡು ಸಾವಿರದ ಬಣ್ಣಕ್ಕೋ ಪರದೆಗೋ ಆಸೆಪಟ್ಟರೆ ಆರು ಸಾವಿರದ ಮುನ್ನೂರು ತೆರಿಗೆ ಹೆಚ್ಚಾಗುತ್ತದೆ.

ಮೂರನೆಯದು ವಿಮೆ. ಹೊಸ ದ್ವಿಚಕ್ರ ವಾಹನಕ್ಕೆ 2018ರ ಸೆಪ್ಟೆಂಬರಿನಿಂದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ) ಒಟ್ಟಿಗೇ ಕಟ್ಟಬೇಕು. 2022ರ ಜೂನ್‌ನಿಂದ ಬಂದ ದರಪಟ್ಟಿಯಲ್ಲಿ 75ರಿಂದ 150 ಸಿಸಿವರೆಗೆ ಇದು 3,851 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಇದು ಸರ್ಕಾರ ನಿಗದಿ ಮಾಡಿದ ದರ, ಯಾವ ಕಂಪನಿಯಲ್ಲಿ ತೆಗೆದರೂ ಒಂದೇ. ವ್ಯತ್ಯಾಸ ಇರುವುದು ನಿಮ್ಮ ಸ್ವಂತ ಗಾಡಿಯ ಹಾನಿಗೆ ಕೊಡುವ ಓನ್ ಡ್ಯಾಮೇಜ್ ಭಾಗದಲ್ಲಿ. ಅದನ್ನು ಶೋರೂಮ್ ಹೇಳಿದ ಕಂಪನಿಯಲ್ಲೇ ತೆಗೆಯಬೇಕೆಂಬ ಕಾನೂನಿಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ಕೂತು ಎರಡು ಕಂಪನಿಗಳ ದರ ನೋಡಿಟ್ಟುಕೊಂಡು ಹೋಗಿ. ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆಯೂ ಬೇಕು. ಅಷ್ಟೇ ಮೊತ್ತದ ಅಪಘಾತ ವಿಮೆ ಈಗಾಗಲೇ ನಿಮಗಿದ್ದರೆ ಎರಡನೇ ಸಲ ಕಟ್ಟಬೇಕಿಲ್ಲ.

ನೋಂದಣಿಯ ಸರ್ಕಾರಿ ಶುಲ್ಕ ದ್ವಿಚಕ್ರಕ್ಕೆ 300 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ 200, ಸಾಲದ ಗಾಡಿಯಾದರೆ ಹೈಪೊಥಿಕೇಶನ್ನಿಗೆ (ಸಾಲ ಕೊಟ್ಟವರ ಹೆಸರನ್ನು ನೋಂದಣಿಯಲ್ಲಿ ಸೇರಿಸಲು) 500. ಇವು ಸಣ್ಣ ಮೊತ್ತಗಳು. ಆದ್ದರಿಂದ ಕೊಟೇಶನ್ನಿನಲ್ಲಿ "ಆರ್‌ಟಿಒ ಖರ್ಚು" ಎಂದು ಒಂದೇ ಸಾಲಿನಲ್ಲಿ ಸಾವಿರಗಟ್ಟಲೆ ಬರೆದಿದ್ದರೆ ಬಿಡಿಸಿ ಬರೆಯಲು ಹೇಳಿ.

ನಾವು ಸುತ್ತಿದ ಶೋರೂಮುಗಳಲ್ಲಿ ಒಂದು ಕಡೆ ಕೊಟೇಶನ್ನಿನ ಕೆಳಗೆ ಪೆನ್ಸಿಲ್ಲಿನಲ್ಲಿ "ಹ್ಯಾಂಡ್ಲಿಂಗ್ – 2,500" ಎಂದು ಬರೆದಿದ್ದರು. ಯಾವುದಕ್ಕೆ ಎಂದು ಅತ್ತಿಗೆ ಕೇಳಿದರು. "ಎಲ್ಲರೂ ಕೊಡ್ತಾರೆ ಮೇಡಂ" ಎಂದರು. "ಎಲ್ಲರದ್ದೂ ಬೇಡ, ನನ್ನ ಬಿಲ್ಲಿನಲ್ಲಿ ಇದನ್ನ ಪೆನ್ನಲ್ಲಿ ಬರೆದು ರಸೀದಿ ಕೊಡ್ತೀರಾ?" ಎಂದು ಅತ್ತಿಗೆ ಕೇಳಿದ ಮೇಲೆ ಆ ಸಾಲು ಅಳಿಸಿಹೋಯಿತು. ನೀವೂ ಅದನ್ನೇ ಕೇಳಿ. ರಸೀದಿ ಕೊಡಲಾಗದ ಹಣವನ್ನು ಕಟ್ಟಬೇಡಿ. ಅದೇ ರೀತಿ ಕ್ರ್ಯಾಶ್ ಗಾರ್ಡ್, ಮ್ಯಾಟ್, ಸೀಟ್ ಕವರ್ ಸೇರಿಸಿದ "ಕಿಟ್" ಕಡ್ಡಾಯ ಎಂದರೆ ಒಪ್ಪಬೇಡಿ, ನಿಮಗೆ ಬೇಕಾದ್ದನ್ನಷ್ಟೇ ಆರಿಸಿ. ಹೆಲ್ಮೆಟ್ ಮಾತ್ರ ಕೇಳಿ ಪಡೆಯಿರಿ. ಗಾಡಿ ಮಾರುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದಲ್ಲೇ ಇದೆ.

ಸಾಲದ ಬಗ್ಗೆ ಒಂದೇ ಮಾತು. ಶೋರೂಮಿನ ಮೂಲೆಯಲ್ಲಿ ಕೂತ ಫೈನಾನ್ಸ್‌ನವರು "ಬರೀ ಶೇ 9" ಎಂದರೆ, ಫ್ಲಾಟ್ ರೇಟೋ ರೆಡ್ಯೂಸಿಂಗ್ ರೇಟೋ ಎಂದು ಕೇಳಿ. ಮೊದಲನೆಯದರಲ್ಲಿ ಕೊನೆಯವರೆಗೂ ಪೂರ್ತಿ ಸಾಲದ ಮೇಲೆ ಬಡ್ಡಿ, ಎರಡನೆಯದರಲ್ಲಿ ಉಳಿದ ಅಸಲಿನ ಮೇಲೆ ಮಾತ್ರ. 80,000 ಸಾಲಕ್ಕೆ ಮೂರು ವರ್ಷ ಫ್ಲಾಟ್ ಶೇ 9 ಎಂದರೆ ಬಡ್ಡಿಯೇ 21,600, ತಿಂಗಳ ಕಂತು 2,822. ತೀರುತ್ತಾ ಬಂದ ಅಸಲಿನ ಮೇಲೂ ಬಡ್ಡಿ ಕಟ್ಟುತ್ತಲೇ ಇರುವುದರಿಂದ ನಿಜವಾದ ದರ ಶೇ 16ರ ಮೇಲೆ ಬೀಳುತ್ತದೆ. ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲೋ, ನೌಕರರ ಸಹಕಾರ ಸಂಘದಲ್ಲೋ ಕೇಳಿ ನೋಡಿದ ನಂತರ ಸಹಿ ಹಾಕಿ.

ಹೆಜ್ಜೆ 6: ನಿಂಬೆಹಣ್ಣು ಇಡುವ ಮುನ್ನ ಟೈರು ಓದಿ

ಆಯುಧಪೂಜೆ, ಯುಗಾದಿಗೆ ಡೆಲಿವರಿ ಬೇಕೆಂಬ ಆಸೆ ನಮಗೆಲ್ಲ ಇದ್ದದ್ದೇ. ಆದರೆ ಆ ದಿನ ಒಂದೇ ಶೋರೂಮಿನಿಂದ ಹತ್ತಾರು ಗಾಡಿ ಹೊರಡುತ್ತವೆ, ಯಾರಿಗೂ ಪುರುಸೊತ್ತಿರುವುದಿಲ್ಲ. ನನ್ನ ಗೆಳೆಯನೊಬ್ಬ ಹಬ್ಬದ ದಿನ ಹಾರ ಹಾಕಿದ ಗಾಡಿಯನ್ನು ಹಾಗೆಯೇ ಮನೆಗೆ ತಂದ. ಮರುದಿನ ಹೂವು ತೆಗೆದಾಗ ಏಪ್ರನ್ನಿನ, ಅಂದರೆ ಮುಂಭಾಗದ ಹೊದಿಕೆಯ ಮೇಲೆ ಗೇಣುದ್ದದ ಗೀರು ಕಂಡಿತು. ಅದು ತಮ್ಮಲ್ಲಿ ಆದದ್ದಲ್ಲ ಎಂದು ಶೋರೂಮಿನವರು ಕೈ ತೊಳೆದುಕೊಂಡರು. ಪೂಜೆ ಹಬ್ಬಕ್ಕೇ ಇರಲಿ, ಪರೀಕ್ಷೆ ಮಾತ್ರ ಹಿಂದಿನ ದಿನವೇ ಮುಗಿಯಲಿ.

ಬೆಳಕಿರುವಾಗ ಹೋಗಿ, ಗಾಡಿಯನ್ನು ಹೊರಗೆ ಬಿಸಿಲಿಗೆ ತರಿಸಿ ಸುತ್ತ ನೋಡಿ. ಫ್ರೇಮಿನ ಮೇಲಿನ ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರನ್ನು ಇನ್‌ವಾಯ್ಸ್ ಹಾಗೂ ವಿಮೆಯ ಕಾಗದದ ಜೊತೆ ಒಂದೊಂದೇ ಅಕ್ಷರ ಹಿಡಿದು ಹೋಲಿಸಿ. ತಯಾರಾದ ತಿಂಗಳು, ವರ್ಷ ಯಾವುದೆಂದು ಕೇಳಿ ಕಾಗದದಲ್ಲಿ ನೋಡಿ. ಟೈರಿನ ಪಕ್ಕದ ಗೋಡೆಯಲ್ಲಿ ಸಣ್ಣ ಅಂಡಾಕಾರದೊಳಗೆ ನಾಲ್ಕು ಅಂಕಿ ಇರುತ್ತವೆ. 2325 ಎಂದಿದ್ದರೆ 2025ರ 23ನೇ ವಾರದಲ್ಲಿ ಆದ ಟೈರು. ಗಾಡಿ ಹೊಸದು ಎಂದರೂ ಟೈರಿನ ಅಂಕಿ ಒಂದೂವರೆ ವರ್ಷ ಹಿಂದಿನದಾಗಿದ್ದರೆ ಆ ಗಾಡಿ ಗೋಡೌನಿನಲ್ಲಿ ಎಷ್ಟು ದಿನ ನಿಂತಿತ್ತು ಎಂದು ಕೇಳುವ ಹಕ್ಕು ನಿಮಗಿದೆ. ಓಡೋಮೀಟರ್ ಕೆಲವೇ ಕಿಲೋಮೀಟರ್ ತೋರಿಸಬೇಕು.

ಆಮೇಲೆ ಸ್ವಿಚ್ಚುಗಳು: ಹಾರ್ನ್, ಎರಡೂ ಇಂಡಿಕೇಟರ್, ಎರಡೂ ಬ್ರೇಕಿಗೆ ಬ್ರೇಕ್ ಲೈಟ್, ಸೈಡ್ ಸ್ಟ್ಯಾಂಡ್ ಕಟ್-ಆಫ್ (ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಓಡದಂತೆ ತಡೆಯುವುದು). ಎರಡು ಕೀಲಿ, ಮಾಲೀಕರ ಕೈಪಿಡಿ, ಟೂಲ್ ಕಿಟ್, ಬ್ಯಾಟರಿ ವಾರಂಟಿ ಕಾರ್ಡ್ ಎಣಿಸಿಕೊಳ್ಳಿ. ವಿಮೆಯಲ್ಲಿ ನಾಮಿನಿಯ ಹೆಸರು ಸರಿಯಾಗಿದೆಯೇ ನೋಡಿ, ಇದನ್ನು ಬಹಳ ಜನ ನೋಡುವುದೇ ಇಲ್ಲ. ನಂಬರ್ ಪ್ಲೇಟ್ ಹಾಕಿಸಿಕೊಂಡೇ ರಸ್ತೆಗೆ ಇಳಿಸಿ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ (ಹೆಚ್ಚಿನ ಭದ್ರತೆಯ) ಪ್ಲೇಟ್ ಹಾಕಿಕೊಡುವುದು ಶೋರೂಮಿನ ಕೆಲಸವೇ, ಬೇರೆ ಅಂಗಡಿಗೆ ಅಲೆಯಬೇಕಿಲ್ಲ.

ಹೆಜ್ಜೆ 7: ಮೊದಲ ಸಾವಿರ ಕಿಲೋಮೀಟರ್

ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಮೊದಲ ನೂರು ಕಿಲೋಮೀಟರ್, ಅದರಲ್ಲೂ ಮಳೆಯಲ್ಲಿ, ತಿರುವುಗಳಲ್ಲಿ ನಿಧಾನ. ಹೊಸ ಎಂಜಿನ್ ಪಳಗುವವರೆಗೆ ಇಷ್ಟೇ ಇರಲಿ ಎಂದು ಕೈಪಿಡಿಯಲ್ಲಿ ಹೇಳಿದ ರನ್ನಿಂಗ್-ಇನ್ ವೇಗ ದಾಟಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಲೂ ಬೇಡಿ. ಟೈರಿನ ಗಾಳಿ ಎಷ್ಟಿರಬೇಕೆಂದು ಗಾಡಿಯ ಮೇಲಿನ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ. ಒಬ್ಬರಿಗೆ ಒಂದು, ಹಿಂದೆ ಒಬ್ಬರಿದ್ದರೆ ಇನ್ನೊಂದು. ಬಂಕಿನ ಹುಡುಗನಿಗೆ ಅಂಕಿ ಹೇಳಿ ಹಾಕಿಸಿ.

ಗೇರಿಲ್ಲದ ಗಾಡಿಯಲ್ಲಿ ಘಟ್ಟ ಇಳಿಯುವವರು ಒಂದು ವಿಷಯ ತಿಳಿದಿರಲೇಬೇಕು. ಇದರ ಕ್ಲಚ್ ಎಂಜಿನ್ನಿನ ವೇಗಕ್ಕೆ ತಾನೇ ಹಿಡಿಯುತ್ತದೆ, ವೇಗ ತೀರಾ ಇಳಿದರೆ ತಾನೇ ಬಿಡುತ್ತದೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಆಕ್ಸಿಲರೇಟರ್ ಪೂರ್ತಿ ಬಿಟ್ಟು ನಿಧಾನವಾಗಿ ಇಳಿಯುತ್ತಿದ್ದರೆ ಒಂದು ಹಂತದಲ್ಲಿ ಕ್ಲಚ್ ಬಿಟ್ಟು, ಗಾಡಿ ನ್ಯೂಟ್ರಲ್ಲಿನಲ್ಲಿ ಉರುಳಿದಂತೆ ಜಾರಿ ವೇಗ ಹಿಡಿಯುತ್ತದೆ. ಹಾಗಾದಾಗ ಗಾಬರಿಯಾಗಬೇಡಿ. ಎರಡೂ ಬ್ರೇಕ್ ಹಿಡಿದಿರುವಾಗಲೇ ಆಕ್ಸಿಲರೇಟರನ್ನು ಒಂದು ಕೂದಲೆಳೆಯಷ್ಟು ಕೊಟ್ಟು ಬಿಡಿ, ಕ್ಲಚ್ ಮತ್ತೆ ಹಿಡಿದು ಎಂಜಿನ್ನಿನ ತಡೆ ಸಿಗುತ್ತದೆ. ಬ್ರೇಕುಗಳನ್ನು ಒಂದೇ ಸಮನೆ ಒತ್ತಿಕೊಂಡಿರದೆ ಹಿಡಿದು, ಬಿಟ್ಟು, ಹಿಡಿದು ಇಳಿಯಿರಿ. ಡ್ರಮ್ ಬ್ರೇಕ್ ಕಾದರೆ ಹಿಡಿತ ಸಡಿಲವಾಗುತ್ತದೆ. ಎಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸುವುದಂತೂ ಘಟ್ಟದಲ್ಲಿ ಬೇಡವೇ ಬೇಡ.

ಮೈಲೇಜನ್ನು ಮೀಟರಿನ ಪರದೆ ನೋಡಿ ಹೇಳಬೇಡಿ, ಅಳೆಯಿರಿ. ಬಂಕಿನಲ್ಲಿ ಮೊದಲ ಕ್ಲಿಕ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಂದಿನ ಸಲ ಅದೇ ಬಂಕಿನಲ್ಲಿ, ಮತ್ತೆ ಮೊದಲ ಕ್ಲಿಕ್ಕಿನವರೆಗೆ ತುಂಬಿಸಿ. 212 ಕಿಲೋಮೀಟರ್ ಓಡಿ 4.6 ಲೀಟರ್ ಹಿಡಿದರೆ ಲೀಟರಿಗೆ 46. ಮೂರು ಸಲದ ಸರಾಸರಿ ನಿಮ್ಮ ನಿಜವಾದ ಮೈಲೇಜ್. ಈ ಗಾಡಿಗಳ ಟ್ಯಾಂಕೇ ಐದು ಲೀಟರಿನ ಆಸುಪಾಸು, ಜೂಪಿಟರಿನದು 5.1, ಆ್ಯಕ್ಟಿವಾದ್ದು 5.3. ಇನ್ನೂರು ಕಿಲೋಮೀಟರ್ ದಾಟಿದ ಮೇಲೆ ಬಂಕ್ ಹುಡುಕುವುದು ಒಳ್ಳೆಯದು.

ಮೊದಲ ಸರ್ವಿಸ್ ಸಾಮಾನ್ಯವಾಗಿ 500ರಿಂದ 1,000 ಕಿಲೋಮೀಟರ್ ಒಳಗೆ ಬರುತ್ತದೆ. ಕಿಲೋಮೀಟರ್ ಆಗಿರದಿದ್ದರೂ ಕೈಪಿಡಿಯಲ್ಲಿ ಹೇಳಿದ ದಿನ ತುಂಬಿದರೆ ಮಾಡಿಸಲೇಬೇಕು, ಇಲ್ಲವಾದರೆ ವಾರಂಟಿಗೆ ತೊಂದರೆ. ಈ ಎಂಜಿನ್ನುಗಳಲ್ಲಿ ಇರುವುದೇ ಒಂದು ಲೀಟರಿಗಿಂತ ಕಡಿಮೆ ಆಯಿಲ್. ಆದ್ದರಿಂದ ಆಯಿಲ್ ಬದಲಿಸಿದ ನಂತರ ಡಿಪ್‌ಸ್ಟಿಕ್ ತೆಗೆಸಿ, ಮಟ್ಟವನ್ನು ಕಣ್ಣಾರೆ ನೋಡಿ. ಅತ್ತಿಗೆ ಸರ್ವಿಸಿಗೆ ಹೋಗುವಾಗ ಅದೇ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ತಿಂಗಳಿಡೀ ಗಮನಿಸಿದ್ದನ್ನು ಬರೆದು ಒಯ್ದಿದ್ದರು: ಎಡ ಬ್ರೇಕ್ ಕೈಗೆ ಇನ್ನೊಂದಿಷ್ಟು ಹತ್ತಿರ ಬೇಕು, ಕನ್ನಡಿ ತಮ್ಮ ಎತ್ತರಕ್ಕೆ ಕೂರಿಸಿ ಬಿಗಿ ಮಾಡಬೇಕು. ಎರಡನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಪಡೆದರು. ಕೆಲಸ ಮುಗಿದ ಮೇಲೆ ಮೆಕ್ಯಾನಿಕನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ಬಂದರು, ಆಮೇಲೆ ಕಾರ್ಡಿಗೆ ಸಹಿ ಹಾಕಿದರು.